ಡೆಸ್ಕ್‌ಟಾಪ್ ಸಾಫ್ಟ್‌ವೇರ್‌ನಲ್ಲಿ ಡೇಟಾಬೇಸ್ ಪಾಸ್‌ವರ್ಡ್ ಕಾಪಾಡುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮಂಡ್ಯದ ಅಕ್ಕಿ ಗಿರಣಿ, ಬೆಲ್ಲದ ಮಂಡಿ, ಮೈಸೂರಿನ ನರ್ಸಿಂಗ್ ಹೋಮ್, ಸೀರೆ ಅಂಗಡಿ, ಪತ್ತಿನ ಸಹಕಾರ ಸಂಘ, ಎಲ್ಲಿಗೆ ಹೋದರೂ ಸಾಮಾನ್ಯವಾಗಿ ಕಾಣುವ ವ್ಯವಸ್ಥೆ ಒಂದೇ. ಆಫೀಸಿನ ಒಂದು ಪಿಸಿಯಲ್ಲಿ ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್ ಅಥವಾ ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ಸಾಫ್ಟ್‌ವೇರ್. ಕೌಂಟರ್, ಗೋದಾಮು, ಲಾರಿ ತೂಗುವ ವೇಬ್ರಿಡ್ಜ್ ಕೊಠಡಿಯ ನಾಲ್ಕೈದು ಪಿಸಿಗಳಿಂದ ಅದಕ್ಕೆ ನೇರ ಕನೆಕ್ಷನ್. ಪ್ರೋಗ್ರಾಂ ವಿಬಿ 6ರಲ್ಲೋ ಡಾಟ್‌ನೆಟ್‌ನಲ್ಲೋ ಬರೆದದ್ದು. ಅಂಥ ಸಾಫ್ಟ್‌ವೇರ್ ಬರೆಯುವವರು, ಹಾಕಿಕೊಡುವವರು, ದುಡ್ಡು ಕೊಟ್ಟು ಹಾಕಿಸಿಕೊಂಡವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ.

ನಮ್ಮ ಸಾಫ್ಟ್‌ವೇರ್‌ನ ಪಾಸ್‌ವರ್ಡ್ ಈಗ ಎಲ್ಲಿ ಕೂತಿದೆ ಅಂತ ಕಂಡುಹಿಡಿಯೋದು ಹೇಗೆ?

ಹತ್ತು ನಿಮಿಷದ ಕೆಲಸ. ಸಾಫ್ಟ್‌ವೇರ್ ಇನ್‌ಸ್ಟಾಲ್ ಆಗಿರುವ ಫೋಲ್ಡರ್ ತೆರೆದು, ಅದರಲ್ಲಿರುವ ಐಎನ್‌ಐ, ಎಕ್ಸ್‌ಎಂಎಲ್, ಜೇಸನ್, ಕಾನ್ಫಿಗ್ ಫೈಲ್‌ಗಳನ್ನು ಒಂದೊಂದಾಗಿ ನೋಟ್‌ಪ್ಯಾಡ್‌ನಲ್ಲಿ ತೆಗೆಯಿರಿ. ಇಂಗ್ಲಿಷಿನಲ್ಲಿ ಪಾಸ್‌ವರ್ಡ್ ಎಂಬ ಪದವನ್ನೂ ಪಿ-ಡಬ್ಲ್ಯು-ಡಿ ಎಂಬ ಮೂರಕ್ಷರವನ್ನೂ ಹುಡುಕಿ. ಬಹುಪಾಲು ಕಡೆ ಇಷ್ಟರಲ್ಲೇ ಸಿಕ್ಕಿಬಿಡುತ್ತದೆ.

ಸಿಗದಿದ್ದರೆ ಇನ್ನು ಮೂರು ಜಾಗ ನೋಡಿ. ಯುಡಿಎಲ್ ಫೈಲ್ ಇದ್ದರೆ ಡಬಲ್ ಕ್ಲಿಕ್ ಮಾಡಿದಾಗ ಕನೆಕ್ಷನ್ ವಿವರದ ಕಿಟಕಿ ತೆರೆದು ಪಾಸ್‌ವರ್ಡ್ ಜಾಗದಲ್ಲಿ ಚುಕ್ಕೆಗಳು ಕಾಣುತ್ತವೆ, ಭದ್ರವಾಗಿದೆ ಅನ್ನಿಸುತ್ತದೆ. ಅದೇ ಫೈಲನ್ನು ನೋಟ್‌ಪ್ಯಾಡ್‌ಗೆ ಎಳೆದು ಹಾಕಿ ನೋಡಿ: ಪಾಸ್‌ವರ್ಡ್ ಉಳಿಸಲು ಟಿಕ್ ಹಾಕಿದ್ದರೆ ಚುಕ್ಕೆಗಳ ಹಿಂದಿದ್ದದ್ದೆಲ್ಲ ಬಿಡಿಬಿಡಿ ಅಕ್ಷರದಲ್ಲಿ ಬಂದು ನಿಲ್ಲುತ್ತದೆ. ಎರಡನೆಯದು ಓಡಿಬಿಸಿ, ಅಂದರೆ ಪ್ರೋಗ್ರಾಂಗೂ ಡೇಟಾಬೇಸ್‌ಗೂ ನಡುವೆ ವಿಂಡೋಸ್ ಒದಗಿಸುವ ಸೇತುವೆ. ಮೈಎಸ್‌ಕ್ಯೂಎಲ್‌ನ ಡಿಎಸ್‌ಎನ್ (ಹೆಸರಿಟ್ಟು ಉಳಿಸಿದ ಕನೆಕ್ಷನ್ ವಿವರ) ಮಾಡುವಾಗ ಕೊಟ್ಟ ಪಾಸ್‌ವರ್ಡ್ ವಿಂಡೋಸ್ ರಿಜಿಸ್ಟ್ರಿಯಲ್ಲಿ ಓಡಿಬಿಸಿ ಕವಲಿನ ಕೆಳಗೆ ಹಾಗೆಯೇ ಇರುತ್ತದೆ. ಮೂರನೆಯದು ಮೈಕ್ರೋಸಾಫ್ಟ್ ಆಕ್ಸೆಸ್. ಸರ್ವರ್ ಟೇಬಲ್‌ಗಳನ್ನು ಲಿಂಕ್ ಮಾಡುವಾಗ ‘ಸೇವ್ ಪಾಸ್‌ವರ್ಡ್’ ಒತ್ತಿದ್ದರೆ, ಆ ಎಂಡಿಬಿ ಫೈಲಿನ ಅಡಗಿದ ಸಿಸ್ಟಮ್ ಟೇಬಲ್‌ನ ‘ಕನೆಕ್ಟ್’ ಕಾಲಂನಲ್ಲಿ ಪಾಸ್‌ವರ್ಡ್ ಓದಬಹುದು.

ಕಾನ್ಫಿಗ್‌ನಲ್ಲಿ ಇಡೋದಿಲ್ಲ, ಎಕ್ಸಿ (ಪ್ರೋಗ್ರಾಂ ಫೈಲ್) ಒಳಗೇ ಬರೆದಿದ್ದೇವೆ. ಅದು ಯಾರಿಗೂ ಕಾಣೋದಿಲ್ಲವಲ್ಲ?

ಕಾಣುತ್ತದೆ. ಡಾಟ್‌ನೆಟ್ ಎಕ್ಸಿಯನ್ನು ಐಎಲ್‌ಸ್ಪೈ ಎಂಬ ಉಚಿತ ಟೂಲ್‌ಗೆ ಎಳೆದು ಹಾಕಿದರೆ ನೀವು ಬರೆದ ಸಿ ಶಾರ್ಪ್ ಕೋಡ್ ಹತ್ತಿರಹತ್ತಿರ ಹಾಗೆಯೇ ಮರಳಿ ಬರುತ್ತದೆ, ಸರ್ವರ್ ಹೆಸರು, ಯೂಸರ್, ಪಾಸ್‌ವರ್ಡ್ ಬರೆದ ‘ಕನೆಕ್ಷನ್ ಸ್ಟ್ರಿಂಗ್’ ಸಾಲು ಸಮೇತ. ವಿಬಿ 6ರ ಎಕ್ಸಿಗೆ ಅಷ್ಟೂ ಬೇಡ, ಸಿಸ್‌ಇಂಟರ್ನಲ್ಸ್‌ನ ಫೈಲಿನೊಳಗಿನ ಅಕ್ಷರಸಾಲು ತೋರಿಸುವ ‘ಸ್ಟ್ರಿಂಗ್ಸ್’ ಟೂಲ್ ಸಾಕು. ಪೈಥಾನ್ ಪ್ರೋಗ್ರಾಂ ಅನ್ನು ಪೈಇನ್‌ಸ್ಟಾಲರ್‌ನಲ್ಲಿ ಕಟ್ಟಿದರೂ ಬಿಚ್ಚಬಹುದು, ಎಲೆಕ್ಟ್ರಾನ್‌ನ ಅಸಾರ್ ಫೈಲ್ ಅಂತೂ ಬರೀ ಪೊಟ್ಟಣ. ಕೋಡನ್ನು ಗೋಜಲು ಮಾಡುವ ಅಬ್‌ಫಸ್ಕೇಟರ್ ಹಾಕಿದರೆ ಓದುವವನಿಗೆ ಒಂದು ಸಂಜೆ ಹೆಚ್ಚು ಹಿಡಿಯಬಹುದು, ಅಷ್ಟೇ.

ಎಕ್ಸಿಯಲ್ಲಿ ಬರೆದಿಡುವುದರ ಇನ್ನೂ ದೊಡ್ಡ ತೊಂದರೆ ಬೇರೆ. ಪಾಸ್‌ವರ್ಡ್ ಬದಲಿಸಬೇಕಾದರೆ ಮತ್ತೆ ಕಂಪೈಲ್ ಮಾಡಿ ಎಲ್ಲ ಪಿಸಿಗೂ ಹಾಕಬೇಕು. ಅದಕ್ಕೆ ಹೆದರಿ ಯಾರೂ ಬದಲಿಸುವುದೇ ಇಲ್ಲ. ಹತ್ತು ವರ್ಷದ ಹಿಂದೆ ಕೆಲಸ ಬಿಟ್ಟವರಿಗೂ ಗೊತ್ತಿರುವ ಪಾಸ್‌ವರ್ಡ್ ಇವತ್ತೂ ನಡೆಯುತ್ತಿರುವುದು ಹೀಗೆ.

ಎಇಎಸ್‌ನಲ್ಲಿ ಎನ್‌ಕ್ರಿಪ್ಟ್ ಮಾಡಿ ಕಾನ್ಫಿಗ್‌ನಲ್ಲಿ ಇಟ್ಟರೆ?

ಎಇಎಸ್ ಎಂಬ ಎನ್‌ಕ್ರಿಪ್ಷನ್ (ಗುಪ್ತಲಿಪಿ) ವಿಧಾನದಲ್ಲಿ ಲೋಪವಿಲ್ಲ. ಅದನ್ನು ಬಿಡಿಸುವ ಕೀ ಎಲ್ಲಿದೆ ಎನ್ನುವುದೇ ಪ್ರಶ್ನೆ. ಎಕ್ಸಿ ಒಳಗಿದ್ದರೆ ಹಿಂದಿನ ಪ್ರಶ್ನೆಗೇ ವಾಪಸ್ ಬಂದಂತಾಯಿತು. ಕೀಯನ್ನು ತೆಗೆಯುವ ಗೋಜೂ ಬೇಕಿಲ್ಲ: ಡಿಬಗರ್ ಹಾಕಿ ಕನೆಕ್ಷನ್ ತೆರೆಯುವ ಸಾಲಿನಲ್ಲಿ ನಿಲ್ಲಿಸಿದರೆ ನಿಮ್ಮ ಪ್ರೋಗ್ರಾಂ ತಾನೇ ಬಿಡಿಸಿದ ಪಾಸ್‌ವರ್ಡ್ ಕೈಗೆ ಸಿಗುತ್ತದೆ.

ಬೇಸ್64 ಬಗ್ಗೆ ಒಂದು ಮಾತು: ಅದು ಎನ್‌ಕ್ರಿಪ್ಷನ್ ಅಲ್ಲ, ಬರೀ ಬರವಣಿಗೆಯ ರೂಪ ಬದಲು. ಕೊನೆಯಲ್ಲಿ ಒಂದೆರಡು ಸಮ ಚಿಹ್ನೆ ಇರುವ ಉದ್ದನೆಯ ಅಕ್ಷರಸಾಲು ಕಂಡರೆ ಅದೇ ಎಂದು ತಿಳಿಯಿರಿ, ಬಿಡಿಸಲು ಯಾವ ಕೀಯೂ ಬೇಡ.

ಹಾಗಾದರೆ ಪೂರ್ತಿ ಬಚ್ಚಿಡೋಕೆ ದಾರಿಯೇ ಇಲ್ಲವಾ?

ಇಲ್ಲ. ಒಂದು ಪಿಸಿಯಲ್ಲಿ ಕೂತ ಪ್ರೋಗ್ರಾಂಗೆ ಪಾಸ್‌ವರ್ಡ್ ಓದಲು ಬರುತ್ತದೆ ಎಂದರೆ, ಆ ಪ್ರೋಗ್ರಾಂ ಓಡಿಸುವ ಮನುಷ್ಯನೂ ಮನಸ್ಸು ಮಾಡಿದರೆ ಓದಬಲ್ಲ. ‘ಮಿಲಿಟರಿ ಮಟ್ಟದ ಎನ್‌ಕ್ರಿಪ್ಷನ್’ ಎಂದು ಯಾರೇ ಹೇಳಿ ಮಾರಿದರೂ ಇದು ಬದಲಾಗುವುದಿಲ್ಲ.

ಆದ್ದರಿಂದ ಶ್ರಮ ಹಾಕಬೇಕಾದದ್ದು ಬೇರೆ ಮೂರು ಕಡೆ. ಪಾಸ್‌ವರ್ಡ್ ಇಲ್ಲದೆಯೇ ನಡೆಯುವಂತೆ ಮಾಡಲು ಆಗುತ್ತದೆಯೇ ನೋಡಿ. ಇರಲೇಬೇಕಾದರೆ, ಸಿಕ್ಕವನಿಗೆ ಅದರಿಂದ ಆಗುವ ಕೆಲಸ ತೀರ ಕಡಿಮೆ ಇರಲಿ. ಮತ್ತು ಒಂದು ಪಿಸಿಯಿಂದ ಕಾಪಿ ಮಾಡಿದ್ದು ಇನ್ನೊಂದರಲ್ಲಿ ಕೆಲಸ ಮಾಡದಿರಲಿ. ಎರಡನೆಯದನ್ನು ಎಲ್ಲರೂ ಕೊನೆಗೆ ಇಟ್ಟುಕೊಳ್ಳುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಅದೇ ಮೊದಲು ಆಗಬೇಕು, ಏಕೆಂದರೆ ಪ್ರೋಗ್ರಾಂನ ಒಂದು ಸಾಲನ್ನೂ ಮುಟ್ಟದೆ ಬಹಳಷ್ಟನ್ನು ಮುಗಿಸಬಹುದು.

ಎಲ್ಲ ಪಿಸಿಯೂ ‘ಎಸ್‌ಎ’ ಲಾಗಿನ್‌ನಲ್ಲೇ ಓಡುತ್ತಿದೆ. ನಿಜವಾಗಲೂ ಅಷ್ಟು ಅಪಾಯವಾ?

ಹೌದು. ಎಸ್‌ಎ ಎಂದರೆ ಆ ಸರ್ವರ್‌ನ ಪೂರ್ತಿ ಯಜಮಾನಿಕೆ. ಒಂದು ಡೇಟಾಬೇಸ್ ಅಳಿಸುವುದಷ್ಟೇ ಅಲ್ಲ, ಆ ಅಧಿಕಾರ ಇರುವವನು ‘ಎಕ್ಸ್‌ಪಿ ಸಿಎಂಡಿಶೆಲ್’ ಎಂಬ ಸೌಲಭ್ಯ ಆನ್ ಮಾಡಿ ಸರ್ವರ್ ಪಿಸಿಯ ವಿಂಡೋಸ್ ಮೇಲೆಯೇ ಕಮಾಂಡ್ ಓಡಿಸಬಹುದು. ಕೌಂಟರ್ ಪಿಸಿಯ ಐಎನ್‌ಐ ಫೈಲಿನಿಂದ ಹೊರಟ ದಾರಿ ರ‍್ಯಾನ್ಸಮ್‌ವೇರ್‌ವರೆಗೆ ಹೋಗುವುದು ಹೀಗೆ. ಬ್ಯಾಕಪ್ ಅದೇ ಸರ್ವರ್‌ನ ಡಿ ಡ್ರೈವ್‌ನಲ್ಲಿದ್ದರೆ ಅದೂ ಹೋಯಿತು.

ಸರಿಪಡಿಸುವ ಕ್ರಮ ಹೀಗಿದೆ. ಅಕ್ಕಿ ಗಿರಣಿಯ ವೇಬ್ರಿಡ್ಜ್ ಸಾಫ್ಟ್‌ವೇರನ್ನೇ ತೆಗೆದುಕೊಳ್ಳಿ. ಭತ್ತದ ಲಾರಿ ಪ್ಲಾಟ್‌ಫಾರಂ ಮೇಲೆ ನಿಂತಾಗ ಆಪರೇಟರ್ ಮಾಡುವುದು ಮೂರೇ ಕೆಲಸ: ಗಾಡಿ ನಂಬರ್ ಹುಡುಕುವುದು, ಗ್ರಾಸ್ ತೂಕ ದಾಖಲಿಸುವುದು, ಖಾಲಿಯಾಗಿ ಬಂದಾಗ ಟೇರ್ ತೂಕ ಸೇರಿಸಿ ಚೀಟಿ ಪ್ರಿಂಟ್ ತೆಗೆಯುವುದು. ಇಷ್ಟಕ್ಕೆ ತೂಕದ ಟೇಬಲ್‌ನಲ್ಲಿ ಅಪ್‌ಡೇಟ್, ಡಿಲೀಟ್ ಅಧಿಕಾರ ಯಾಕೆ ಬೇಕು? ಮೂರು ಸ್ಟೋರ್ಡ್ ಪ್ರೊಸೀಜರ್ (ಡೇಟಾಬೇಸ್ ಒಳಗೇ ಉಳಿಸಿಟ್ಟ ಪುಟ್ಟ ಪ್ರೋಗ್ರಾಂ) ಬರೆಯಿರಿ. ಒಂದು ಸ್ಕೀಮಾದಲ್ಲಿ (ಡೇಟಾಬೇಸ್ ಒಳಗಿನ ಫೋಲ್ಡರ್‌ನಂಥ ವಿಭಾಗ) ಇಡಿ. ವೇಬ್ರಿಡ್ಜ್‌ಗೆಂದೇ ಒಂದು ಡೇಟಾಬೇಸ್ ರೋಲ್ (ಅಧಿಕಾರಗಳ ಗುಂಪು) ಮಾಡಿ, ಆ ಸ್ಕೀಮಾದ ಮೇಲೆ ‘ಎಕ್ಸಿಕ್ಯೂಟ್’ ಮಾತ್ರ ಕೊಡಿ, ಟೇಬಲ್‌ಗಳ ಮೇಲೆ ಏನನ್ನೂ ಕೊಡಬೇಡಿ. ಪ್ರೊಸೀಜರ್ ಮತ್ತು ಟೇಬಲ್‌ಗೆ ಒಬ್ಬನೇ ಓನರ್ ಇದ್ದರೆ ಟೇಬಲ್‌ನ ಪರ್ಮಿಷನ್ ಬೇರೆಯಾಗಿ ಕೇಳುವುದಿಲ್ಲ, ಪ್ರೊಸೀಜರ್ ಸರಾಗವಾಗಿ ಓಡುತ್ತದೆ. ಎಡವುವುದು ಒಂದೇ ಕಡೆ: ಪ್ರೊಸೀಜರ್ ಒಳಗೆ ಕ್ವೆರಿಯನ್ನು ಸ್ಟ್ರಿಂಗ್ ಆಗಿ ಜೋಡಿಸಿ ಓಡಿಸಿದ್ದರೆ ಈ ಸರಪಳಿ ಕಡಿದುಹೋಗಿ ‘ಸೆಲೆಕ್ಟ್ ಪರ್ಮಿಷನ್ ಡಿನೈಡ್’ ಬರುತ್ತದೆ. ಆಗ ಟೇಬಲ್ ಪರ್ಮಿಷನ್ ಕೊಟ್ಟು ಬಾಯಿ ಮುಚ್ಚಿಸಬೇಡಿ, ಆ ಕ್ವೆರಿಯನ್ನು ನೇರವಾಗಿ ಬರೆಯಿರಿ.

ತಪ್ಪು ತೂಕ ತಿದ್ದಬೇಕಾದ ಸಂದರ್ಭ ಬಂದೇ ಬರುತ್ತದೆ. ಅದಕ್ಕೆ ನಾಲ್ಕನೆಯ ಪ್ರೊಸೀಜರ್ ಇರಲಿ, ಮ್ಯಾನೇಜರ್ ರೋಲ್‌ಗೆ ಮಾತ್ರ ಕೊಡಿ. ಅದು ಹಳೆ ತೂಕ, ಹೊಸ ತೂಕ, ಯಾರು, ಯಾವಾಗ ಎಂಬುದನ್ನು ಇನ್ನೊಂದು ಟೇಬಲ್‌ನಲ್ಲಿ ಬರೆದು ಆಮೇಲೆ ತಿದ್ದಲಿ. ಲಾರಿಗೆ ಎರಡು ಕ್ವಿಂಟಲ್ ಹೆಚ್ಚುಕಡಿಮೆಯಾದರೆ ರೈತನಿಗೋ ಗಿರಣಿಗೋ ನಷ್ಟ. ಪಾಸ್‌ವರ್ಡ್ ಕಾಯುವುದೆಂದರೆ ಕೊನೆಗೆ ಈ ಅಂಕಿಯನ್ನು ಕಾಯುವುದು.

ಇದೆಲ್ಲ ಆದಮೇಲೆ ಎಸ್‌ಎ ಲಾಗಿನ್ ಡಿಸೇಬಲ್ ಮಾಡಿ. ಅದಕ್ಕೂ ಮುಂಚೆ ವಿಂಡೋಸ್ ಅಡ್ಮಿನ್ ಖಾತೆಯೊಂದಕ್ಕೆ ಸರ್ವರ್‌ನ ಸಿಸ್‌ಅಡ್ಮಿನ್ (ಪೂರ್ತಿ ಯಜಮಾನಿಕೆಯ) ಅಧಿಕಾರ ಇದೆ ಎಂದು ಖಚಿತಪಡಿಸಿಕೊಳ್ಳಿ, ಇಲ್ಲದಿದ್ದರೆ ಹೊರಗೇ ಉಳಿಯುತ್ತೀರಿ.

ಮೈಎಸ್‌ಕ್ಯೂಎಲ್‌ನಲ್ಲಿ ಸರ್ವಾಧಿಕಾರದ ‘ರೂಟ್’ ಯೂಸರ್ ಬಳಸುವುದೂ ಇದೇ ತಪ್ಪು. ಅಲ್ಲಿ ಒಂದು ಅನುಕೂಲ ಹೆಚ್ಚಿದೆ: ಯೂಸರ್ ಮಾಡುವಾಗಲೇ 192.168.1.% ಎಂದು ಕೊಟ್ಟರೆ ಆ ನೆಟ್‌ವರ್ಕ್ ಹೊರಗಿನಿಂದ ಅದೇ ಹೆಸರು, ಅದೇ ಪಾಸ್‌ವರ್ಡ್ ಹಾಕಿದರೂ ಒಳಗೆ ಬಿಡುವುದಿಲ್ಲ. ಸರ್ವರ್ ಪಿಸಿಯ ಫೈಲ್ ಓದಿ ಬರೆಯಲು ಬಿಡುವ ‘ಫೈಲ್’ ಪ್ರಿವಿಲೇಜ್ ಮಾತ್ರ ಯಾವ ಅಪ್ಲಿಕೇಷನ್ ಯೂಸರ್‌ಗೂ ಬೇಡ.

ನಮ್ಮ ಸಾಫ್ಟ್‌ವೇರ್‌ನಲ್ಲೇ ಲಾಗಿನ್ ಇದೆ, ಮೆನು ಪರ್ಮಿಷನ್ ಇದೆ. ಸಾಲದಾ?

ಸಾಲದು. ಡಿಲೀಟ್ ಬಟನ್ ಮರೆಮಾಡಿದ್ದು ನಿಮ್ಮ ಪರದೆಯಲ್ಲಿ ಮಾತ್ರ. ಕನೆಕ್ಷನ್ ಸ್ಟ್ರಿಂಗ್ ಸಿಕ್ಕವನು ಎಕ್ಸೆಲ್‌ನಿಂದಲೋ ಮ್ಯಾನೇಜ್‌ಮೆಂಟ್ ಸ್ಟುಡಿಯೋದಿಂದಲೋ ಒಳಗೆ ಹೋಗುತ್ತಾನೆ, ಅಲ್ಲಿ ನಿಮ್ಮ ಮೆನು ಇರುವುದಿಲ್ಲ.

ಪಾಸ್‌ವರ್ಡೇ ಬೇಡದ ವಿಧಾನ ಅಂದರೆ ವಿಂಡೋಸ್ ಅಥೆಂಟಿಕೇಷನ್ನಾ?

ಹೌದು. ಕನೆಕ್ಷನ್ ಸ್ಟ್ರಿಂಗ್‌ನಲ್ಲಿ ಯೂಸರ್ ಐಡಿ, ಪಾಸ್‌ವರ್ಡ್ ತೆಗೆದು ‘ಇಂಟಿಗ್ರೇಟೆಡ್ ಸೆಕ್ಯೂರಿಟಿ=ಎಸ್‌ಎಸ್‌ಪಿಐ’ ಎಂದು ಹಾಕುವುದು. ಪಿಸಿಗೆ ಲಾಗಿನ್ ಆದ ಮನುಷ್ಯ ಯಾರೋ ಅವನ ಹೆಸರಲ್ಲೇ ಸರ್ವರ್ ಗುರುತಿಸುತ್ತದೆ. ಕಾನ್ಫಿಗ್ ಫೈಲ್ ಬೀದಿಯಲ್ಲಿ ಬಿದ್ದರೂ ಅದರಲ್ಲಿ ಗುಟ್ಟಿಲ್ಲ. ಆಕ್ಟಿವ್ ಡೈರೆಕ್ಟರಿ ಡೊಮೈನ್ (ಎಲ್ಲ ಪಿಸಿಯ ಖಾತೆಗಳನ್ನು ಒಂದೇ ಕಡೆ ನೋಡಿಕೊಳ್ಳುವ ವ್ಯವಸ್ಥೆ) ಇರುವ ಕಡೆ ಇದನ್ನು ಬಿಟ್ಟು ಬೇರೆಯದನ್ನು ಯೋಚಿಸಲೇಬೇಡಿ: ‘ಬಿಲ್ಲಿಂಗ್’, ‘ಗೋದಾಮು’ ಎಂದು ಗುಂಪು ಮಾಡಿ, ಗುಂಪಿಗೇ ಲಾಗಿನ್ ಕೊಡಿ. ಹುಡುಗ ಕೆಲಸ ಬಿಟ್ಟ ದಿನ ಗುಂಪಿನಿಂದ ಅವನ ಹೆಸರು ತೆಗೆದರೆ ಮುಗಿಯಿತು.

ನಮ್ಮಲ್ಲಿ ಡೊಮೈನ್ ಇಲ್ಲ, ಬರೀ ವರ್ಕ್‌ಗ್ರೂಪ್. ಆಗ?

ಆಗಲೂ ನಡೆಯುತ್ತದೆ, ಸ್ವಲ್ಪ ಕೈಕೆಲಸ ಜಾಸ್ತಿ. ಕೌಂಟರ್ ಪಿಸಿಯಲ್ಲಿ ‘ಕೌಂಟರ್1’ ಎಂಬ ಲೋಕಲ್ ಖಾತೆ ಇದ್ದರೆ, ಸರ್ವರ್ ಪಿಸಿಯಲ್ಲೂ ಅದೇ ಹೆಸರು, ಅದೇ ಪಾಸ್‌ವರ್ಡ್‌ನ ಲೋಕಲ್ ಖಾತೆ ಮಾಡಿ. ಎರಡೂ ಕಡೆ ಅಡ್ಮಿನಿಸ್ಟ್ರೇಟರ್ ಆಗಿರಬಾರದು, ಸ್ಟ್ಯಾಂಡರ್ಡ್ ಯೂಸರ್ ಸಾಕು. ಆಮೇಲೆ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಸರ್ವರ್ ಪಿಸಿಯ ಹೆಸರಿನ ಜೊತೆ ಆ ಖಾತೆಗೆ ಲಾಗಿನ್ ಕೊಟ್ಟು, ರೋಲ್‌ಗೆ ಸೇರಿಸಿ.

ಕೆಲಸ ಕೆಡುವುದು ಸಾಮಾನ್ಯವಾಗಿ ಈ ಕಾರಣಗಳಿಗೆ. ಖಾತೆಗೆ ಪಾಸ್‌ವರ್ಡೇ ಇಲ್ಲ: ಖಾಲಿ ಪಾಸ್‌ವರ್ಡ್‌ನ ಲೋಕಲ್ ಖಾತೆಯನ್ನು ವಿಂಡೋಸ್ ನೆಟ್‌ವರ್ಕ್ ಮೂಲಕ ಒಳಗೆ ಬಿಡುವುದಿಲ್ಲ, ಆ ಪಿಸಿಯ ಮುಂದೆ ಕೂತಾಗ ಮಾತ್ರ ಬಿಡುತ್ತದೆ. ಅಥವಾ ಕೌಂಟರ್ ಪಿಸಿಗೆ ಮೈಕ್ರೋಸಾಫ್ಟ್ ಇಮೇಲ್ ಖಾತೆಯಲ್ಲಿ ಲಾಗಿನ್ ಆಗಿದ್ದಾರೆ, ಹೆಸರು ತಾಳೆಯಾಗುತ್ತಿಲ್ಲ. ಅಥವಾ ಒಂದು ಕಡೆ ಪಾಸ್‌ವರ್ಡ್ ಬದಲಿಸಿ ಇನ್ನೊಂದು ಕಡೆ ಮರೆತಿದ್ದಾರೆ. ‘ಲಾಗಿನ್ ಈಸ್ ಫ್ರಂ ಆನ್ ಅನ್‌ಟ್ರಸ್ಟೆಡ್ ಡೊಮೈನ್’ ಎಂಬ ಸಂದೇಶ ಬಂದರೆ ಈ ಮೂರನ್ನೇ ಮೊದಲು ನೋಡಿ.

ಐದಾರು ಪಿಸಿ ದಾಟಿದರೆ ಈ ಜೋಡಿ ಖಾತೆಗಳ ಲೆಕ್ಕ ಇಡುವುದು ಕಷ್ಟ. ಅಲ್ಲಿಂದ ಮುಂದೆ ಡೊಮೈನ್ ಕಟ್ಟುವುದೇ ಲೇಸು.

ವೇಬ್ರಿಡ್ಜ್ ಕೊಠಡಿಯಲ್ಲಿ ಎರಡು ಶಿಫ್ಟ್‌ಗೂ ಒಂದೇ ವಿಂಡೋಸ್ ಲಾಗಿನ್. ಅಲ್ಲಿ ಡಿಪಿಎಪಿಐ ಹೇಗೆ ಬಳಸೋದು?

ಮೊದಲು ಡಿಪಿಎಪಿಐ ಎಂದರೇನು ನೋಡೋಣ. ವಿಂಡೋಸ್ 2000ದಿಂದಲೂ ವಿಂಡೋಸ್ ಒಳಗೇ ಇರುವ ಸೌಲಭ್ಯ ಇದು. ನೀವು ಕೊಟ್ಟ ಅಕ್ಷರಗಳನ್ನು ಎನ್‌ಕ್ರಿಪ್ಟ್ ಮಾಡಿಕೊಡುತ್ತದೆ, ಕೀಯನ್ನು ವಿಂಡೋಸೇ ನೋಡಿಕೊಳ್ಳುತ್ತದೆ, ನಿಮ್ಮ ಕೋಡ್‌ನಲ್ಲಿ ಕೀ ಇರುವುದಿಲ್ಲ. ಡಾಟ್‌ನೆಟ್‌ನಲ್ಲಿ ‘ಪ್ರೊಟೆಕ್ಟೆಡ್‌ಡೇಟಾ’ ಕ್ಲಾಸ್, ವಿಬಿ 6ರಲ್ಲಿ ‘ಕ್ರಿಪ್ಟ್‌ಪ್ರೊಟೆಕ್ಟ್‌ಡೇಟಾ’ ಎಂಬ ವಿಂಡೋಸ್ ಫಂಕ್ಷನ್. ಎನ್‌ಕ್ರಿಪ್ಟ್ ಆದ ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಬೇರೆ ಪಿಸಿಗೆ ಹೋದರೆ ಬಿಡಿಸಲು ಆಗದು.

ಇದರಲ್ಲಿ ಎರಡು ಬಗೆ. ‘ಕರೆಂಟ್‌ಯೂಸರ್’ ಆದರೆ ಎನ್‌ಕ್ರಿಪ್ಟ್ ಮಾಡಿದ ವಿಂಡೋಸ್ ಖಾತೆಗೆ ಮಾತ್ರ ಬಿಡಿಸಲು ಬರುತ್ತದೆ. ‘ಲೋಕಲ್‌ಮಷೀನ್’ ಆದರೆ ಆ ಪಿಸಿಯಲ್ಲಿ ಓಡುವ ಯಾವ ಖಾತೆಯ ಯಾವ ಪ್ರೋಗ್ರಾಂ ಬೇಕಾದರೂ ಬಿಡಿಸಬಹುದು. ಇಬ್ಬರು ಆಪರೇಟರ್‌ಗೂ ಬೇರೆ ಬೇರೆ ವಿಂಡೋಸ್ ಖಾತೆ ಕೊಡಿಸಿ ‘ಕರೆಂಟ್‌ಯೂಸರ್’ ಬಳಸುವುದೇ ಸರಿ. ಒಂದೇ ಲಾಗಿನ್ ಬಿಡಲು ಒಪ್ಪದಿದ್ದರೂ ‘ಕರೆಂಟ್‌ಯೂಸರ್’ ನಡೆಯುತ್ತದೆ, ಏಕೆಂದರೆ ಖಾತೆ ಒಂದೇ ತಾನೆ. ಯಾರು ತೂಕ ತೆಗೆದರು ಎಂಬುದು ಮಾತ್ರ ಆಗ ನಿಮ್ಮ ಸಾಫ್ಟ್‌ವೇರ್‌ನ ಲಾಗಿನ್‌ನಿಂದಲೇ ಗೊತ್ತಾಗಬೇಕು.

ಹಾಕುವ ಕ್ರಮ:

1. ಸಾಫ್ಟ್‌ವೇರ್ ಮೊದಲ ಸಲ ತೆರೆದಾಗ ಸರ್ವರ್ ಹೆಸರು, ಯೂಸರ್, ಪಾಸ್‌ವರ್ಡ್ ಕೇಳುವ ಸೆಟಪ್ ಪರದೆ ಬರಲಿ.
2. ಉಳಿಸುವ ಮುಂಚೆ ಆ ವಿವರದಿಂದ ನಿಜವಾಗಿ ಕನೆಕ್ಟ್ ಆಗುತ್ತದೆಯೇ ಪರೀಕ್ಷಿಸಲಿ.
3. ಪಾಸ್‌ವರ್ಡನ್ನು ಮಾತ್ರ ಡಿಪಿಎಪಿಐನಿಂದ ಎನ್‌ಕ್ರಿಪ್ಟ್ ಮಾಡಿ ಬಳಕೆದಾರನ ‘ಆಪ್‌ಡೇಟಾ ಲೋಕಲ್’ ಫೋಲ್ಡರ್‌ನಲ್ಲಿ ಬರೆಯಲಿ. ಪ್ರೋಗ್ರಾಂ ಫೈಲ್ಸ್ ಒಳಗೆ ಬರೆಯಲು ಹೋದರೆ ಸ್ಟ್ಯಾಂಡರ್ಡ್ ಯೂಸರ್‌ಗೆ ಅನುಮತಿ ಇರುವುದಿಲ್ಲ.
4. ಓದಲು ಆಗದಿದ್ದರೆ ಪ್ರೋಗ್ರಾಂ ಬಿದ್ದುಹೋಗಬಾರದು, ಅದೇ ಸೆಟಪ್ ಪರದೆ ಮತ್ತೆ ಬರಬೇಕು.

ನಾಲ್ಕನೆಯದನ್ನು ಬಿಟ್ಟವರೇ ಹೆಚ್ಚು, ಬಿಟ್ಟರೆ ರಾತ್ರಿ ಹತ್ತಕ್ಕೆ ಫೋನ್ ಬರುತ್ತದೆ. ವಿಂಡೋಸ್ ಹೊಸದಾಗಿ ಹಾಕಿದರೆ ಹಳೆ ಫೈಲ್ ಬಿಡಿಸಲಾಗದು. ಇನ್ನೊಂದು, ಆಪರೇಟರ್ ವಿಂಡೋಸ್ ಪಾಸ್‌ವರ್ಡ್ ಮರೆತು, ಅಡ್ಮಿನ್ ಬಂದು ಆ ಲೋಕಲ್ ಖಾತೆಯ ಪಾಸ್‌ವರ್ಡನ್ನು ಬಲವಂತವಾಗಿ ರೀಸೆಟ್ ಮಾಡಿದರೂ ಹಳೆಯ ಡಿಪಿಎಪಿಐ ಕೀ ತೆರೆಯುವುದಿಲ್ಲ. ಹಳೆ ಪಾಸ್‌ವರ್ಡ್ ಕೊಟ್ಟು ತಾನೇ ಬದಲಿಸಿಕೊಂಡರೆ ತೊಂದರೆಯಿಲ್ಲ.

‘ಲೋಕಲ್‌ಮಷೀನ್’ ಬಳಸಲೇಬೇಕಾದರೆ, ಉದಾಹರಣೆಗೆ ವಿಂಡೋಸ್ ಸರ್ವಿಸ್ ಒಂದೂ ಅದೇ ಫೈಲ್ ಓದಬೇಕಾದರೆ, ಕಾವಲು ಡಿಪಿಎಪಿಐನದ್ದಲ್ಲ, ಫೈಲ್ ಪರ್ಮಿಷನ್‌ನದ್ದು. ‘ಪ್ರೋಗ್ರಾಂಡೇಟಾ’ ಒಳಗಿನ ಫೈಲನ್ನು ಮಾಮೂಲಾಗಿ ಎಲ್ಲ ಬಳಕೆದಾರರೂ ಓದಬಹುದು. ಆನುವಂಶಿಕ ಪರ್ಮಿಷನ್ ತೆಗೆದು, ಬೇಕಾದ ಖಾತೆಗಳಿಗೆ ಮಾತ್ರ ಓದುವ ಹಕ್ಕು ಕೊಡಿ.

ಆಪ್ ಕಾನ್ಫಿಗ್‌ನ ಕನೆಕ್ಷನ್ ಸ್ಟ್ರಿಂಗ್ ಭಾಗವನ್ನೇ ಎನ್‌ಕ್ರಿಪ್ಟ್ ಮಾಡಬಹುದಂತೆ?

ಡಾಟ್‌ನೆಟ್ ಫ್ರೇಮ್‌ವರ್ಕ್‌ನಲ್ಲಿ ಆಗುತ್ತದೆ. ಆ ಭಾಗದ ಮೇಲೆ ‘ಪ್ರೊಟೆಕ್ಟ್‌ಸೆಕ್ಷನ್’ ಕರೆದು ಸೇವ್ ಮಾಡಿದರೆ ಸಾಕು, ಓದುವಾಗ ತಾನಾಗಿಯೇ ಬಿಡಿಸುತ್ತದೆ. ‘ಡೇಟಾಪ್ರೊಟೆಕ್ಷನ್‌ಕಾನ್ಫಿಗರೇಷನ್‌ಪ್ರೊವೈಡರ್’ ಆರಿಸಿದರೆ ಒಳಗೆ ಕೆಲಸ ಮಾಡುವುದು ಮತ್ತೆ ಡಿಪಿಎಪಿಐ. ಆದ್ದರಿಂದ ನಿಮ್ಮ ಆಫೀಸಿನ ಪಿಸಿಯಲ್ಲಿ ಎನ್‌ಕ್ರಿಪ್ಟ್ ಮಾಡಿ ಸೆಟಪ್‌ಗೆ ಸೇರಿಸಿ ಕಳಿಸಿದರೆ ಗ್ರಾಹಕರ ಪಿಸಿಯಲ್ಲಿ ತೆರೆಯುವುದಿಲ್ಲ. ಅಲ್ಲಿಯೇ, ಇನ್‌ಸ್ಟಾಲ್ ಆಗುವಾಗಲೇ ಮಾಡಬೇಕು.

ಪೋಸ್ಟ್‌ಗ್ರೆಸ್ ಮತ್ತು ಮೈಎಸ್‌ಕ್ಯೂಎಲ್‌ನಲ್ಲಿ ಪಾಸ್‌ವರ್ಡ್ ಫೈಲ್‌ಗಳಿವೆಯಲ್ಲ, ಅವು ಸಾಕಾ?

ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸ್‌ನ ಪಿಜಿಪಾಸ್ ಫೈಲ್ ಬರೀ ಪಠ್ಯ, ಓದುವ ಹಕ್ಕು ಯಾರಿಗಿದೆ ಎಂಬುದಷ್ಟೇ ಅದರ ಭದ್ರತೆ. ಲಿನಕ್ಸ್‌ನಲ್ಲಿ ಅದರ ಪರ್ಮಿಷನ್ 0600 (ಫೈಲಿನ ಒಡೆಯನಿಗೆ ಮಾತ್ರ) ಅಥವಾ ಅದಕ್ಕಿಂತ ಬಿಗಿ ಇಲ್ಲದಿದ್ದರೆ ಪೋಸ್ಟ್‌ಗ್ರೆಸ್ ಆ ಫೈಲನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ವಿಂಡೋಸ್‌ನಲ್ಲಿ ಆ ತಪಾಸಣೆ ಇಲ್ಲ. ಮೈಎಸ್‌ಕ್ಯೂಎಲ್‌ನ ಲಾಗಿನ್ ಪಾತ್ ಫೈಲ್ ನೋಡಲು ಗೂಢವಾಗಿದ್ದರೂ ಬಿಡಿಸುವುದು ಸುಲಭ. ಕಣ್ಣಿಗೆ ಬೀಳದಂತೆ ಮಾಡುತ್ತದೆಯೇ ಹೊರತು ಕಾಪಾಡುವುದಿಲ್ಲ. ಬ್ಯಾಕಪ್ ಸ್ಕ್ರಿಪ್ಟ್‌ಗೆ ಬಳಸಿ, ಡೆಸ್ಕ್‌ಟಾಪ್ ಪ್ರೋಗ್ರಾಂಗೆ ಬೇಡ. ಹಳೆ ಪೋಸ್ಟ್‌ಗ್ರೆಸ್‌ನಿಂದ ಬಂದವರು ಸರ್ವರ್‌ನಲ್ಲಿ ಪಾಸ್‌ವರ್ಡ್ ವಿಧಾನ ಎಂಡಿ5ರಲ್ಲೇ ಉಳಿದಿದೆಯೇ ನೋಡಿ. 14ನೇ ಆವೃತ್ತಿಯಿಂದ ಅದಕ್ಕಿಂತ ಗಟ್ಟಿಯಾದ ಸ್ಕ್ರ್ಯಾಮ್ ವಿಧಾನ ಮಾಮೂಲಾಗಿದೆ. ಬದಲಿಸಿದ ಮೇಲೆ ಪ್ರತಿಯೊಬ್ಬರ ಪಾಸ್‌ವರ್ಡನ್ನೂ ಮತ್ತೊಮ್ಮೆ ಇಡಬೇಕು, ಹಳೆಯ ಎಂಡಿ5 ಗುರುತು ತಾನಾಗಿ ಬದಲಾಗದು.

ವೈರ್ ಮೇಲೆ ಹೋಗುವಾಗ ಪಾಸ್‌ವರ್ಡ್ ಕದಿಯಬಹುದಾ?

ಎಸ್‌ಕ್ಯೂಎಲ್ ಸರ್ವರ್‌ನ ಪ್ರೋಟೋಕಾಲ್‌ನಲ್ಲಿ ಪಾಸ್‌ವರ್ಡ್‌ನ ಪ್ರತಿ ಬೈಟ್‌ನ ಎರಡು ಅರ್ಧ ಅದಲುಬದಲು ಮಾಡಿ ಎ5 ಎಂಬ ಒಂದೇ ಸಂಖ್ಯೆಯೊಂದಿಗೆ ಎಕ್ಸಾರ್ (ಬಿಟ್‌ಗಳನ್ನು ಬೆರೆಸುವ ಸರಳ ಲೆಕ್ಕ) ಮಾಡುತ್ತಾರೆ, ಅಷ್ಟೇ. ಎಲ್ಲರಿಗೂ ಗೊತ್ತಿರುವ ಲೆಕ್ಕ ಅದು. ಎಸ್‌ಕ್ಯೂಎಲ್ ಸರ್ವರ್ 2005ರಿಂದ ಲಾಗಿನ್ ಪ್ಯಾಕೆಟ್ಟನ್ನು ಸರ್ವರ್ ತಾನೇ ಮಾಡಿಕೊಂಡ ಸರ್ಟಿಫಿಕೇಟ್‌ನಿಂದ (ಸರ್ವರ್‌ನ ಡಿಜಿಟಲ್ ಗುರುತುಪತ್ರ) ಮುಚ್ಚಲಾಗುತ್ತದೆ. ಆದರೆ ಆ ಸರ್ಟಿಫಿಕೇಟನ್ನು ಕ್ಲೈಂಟ್ ಪರೀಕ್ಷಿಸುವುದಿಲ್ಲ, ಮಧ್ಯೆ ಕೂತವನು ತನ್ನದನ್ನು ತೋರಿಸಿದರೂ ಒಪ್ಪಿಬಿಡುತ್ತದೆ.

ಮೈಕ್ರೋಸಾಫ್ಟ್‌ನ ಹೊಸ ಎಸ್‌ಕ್ಯೂಎಲ್‌ಕ್ಲೈಂಟ್ ಲೈಬ್ರರಿ 4.0 ಆವೃತ್ತಿಯಿಂದ ‘ಎನ್‌ಕ್ರಿಪ್ಟ್’ ಮಾಮೂಲಾಗಿ ಆನ್ ಆಗಿದೆ. ಅಪ್‌ಗ್ರೇಡ್ ಮಾಡಿದ ಕೂಡಲೇ ಸರ್ಟಿಫಿಕೇಟ್ ಎರರ್ ಬರುತ್ತದೆ, ಎಲ್ಲರೂ ‘ಟ್ರಸ್ಟ್‌ಸರ್ವರ್‌ಸರ್ಟಿಫಿಕೇಟ್=ಟ್ರೂ’ ಹಾಕಿ ಮುಂದೆ ಹೋಗುತ್ತಾರೆ. ಅದರರ್ಥ ಯಾವ ಸರ್ಟಿಫಿಕೇಟ್ ಆದರೂ ಸರಿ ಎಂದು. ಸರಿಯಾದ ದಾರಿಗೆ ಅರ್ಧ ದಿನ ಸಾಕು: ಸರ್ವರ್ ಪಿಸಿಯ ಹೆಸರಿಗೆ ಪವರ್‌ಶೆಲ್‌ನಲ್ಲಿ ಸರ್ಟಿಫಿಕೇಟ್ ಮಾಡಿ, ಅದರ ಪ್ರೈವೇಟ್ ಕೀ ಓದಲು ಎಸ್‌ಕ್ಯೂಎಲ್ ಸರ್ವಿಸ್ ಖಾತೆಗೆ ಅನುಮತಿ ಕೊಟ್ಟು, ಕಾನ್ಫಿಗರೇಷನ್ ಮ್ಯಾನೇಜರ್‌ನ ಪ್ರೋಟೋಕಾಲ್ಸ್‌ನಲ್ಲಿ ಆರಿಸಿ, ಸರ್ವಿಸ್ ರೀಸ್ಟಾರ್ಟ್ ಮಾಡಿ. ಪಬ್ಲಿಕ್ ಭಾಗವನ್ನು ಮಾತ್ರ ಎಕ್ಸ್‌ಪೋರ್ಟ್ ಮಾಡಿ ಪ್ರತಿ ಪಿಸಿಯ ಟ್ರಸ್ಟೆಡ್ ರೂಟ್‌ಗೆ ಸೇರಿಸಿ. ಅನುಮತಿ ಕೊಡಲು ಮರೆತರೆ ಸರ್ವಿಸ್ ಸ್ಟಾರ್ಟೇ ಆಗುವುದಿಲ್ಲ. ಕನೆಕ್ಷನ್ ಸ್ಟ್ರಿಂಗ್‌ನಲ್ಲಿ ಹೆಸರಿನ ಬದಲು ಐಪಿ ವಿಳಾಸ ಇದ್ದರೆ ಹೆಸರು ತಾಳೆಯಾಗದು ಎಂಬ ಎರರ್ ಬರುತ್ತದೆ.

ಅಂಗಡಿ ಮೈಸೂರಿನಲ್ಲಿ, ಬ್ರಾಂಚ್ ಮಂಡ್ಯದಲ್ಲಿ. ರೌಟರ್‌ನಲ್ಲಿ 1433 ಪೋರ್ಟ್ ತೆರೆದು ಕನೆಕ್ಟ್ ಮಾಡಿಕೊಟ್ಟಿದ್ದಾರೆ.

ಇವತ್ತೇ ಮುಚ್ಚಿಸಿ. ಇಂಟರ್ನೆಟ್‌ಗೆ ತೆರೆದ 1433, 3306, 5432 (ಎಸ್‌ಕ್ಯೂಎಲ್ ಸರ್ವರ್, ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್‌ನ) ಪೋರ್ಟ್‌ಗಳನ್ನು ಹುಡುಕುತ್ತ ಎಸ್‌ಎ, ರೂಟ್ ಹೆಸರಲ್ಲಿ ಪಾಸ್‌ವರ್ಡ್ ಊಹಿಸುವ ಯಂತ್ರಗಳು ಹಗಲೂ ರಾತ್ರಿ ಓಡುತ್ತಲೇ ಇರುತ್ತವೆ. ಪೋರ್ಟ್ ನಂಬರ್ ಬದಲಿಸಿದರೂ ಸಿಕ್ಕಿಬೀಳುತ್ತೀರಿ. ಸರ್ವರ್‌ನ ಎರರ್ ಲಾಗ್‌ನಲ್ಲಿ 18456 (ಲಾಗಿನ್ ವಿಫಲ) ಸಂಖ್ಯೆ ಹುಡುಕಿ ನೋಡಿ: ಅದೇ ಸಾಲಿನಲ್ಲಿ ಸ್ಟೇಟ್ 5 ಇದ್ದರೆ ಅಂಥ ಲಾಗಿನ್ನೇ ಇಲ್ಲ, ಸ್ಟೇಟ್ 8 ಇದ್ದರೆ ಲಾಗಿನ್ ಇದೆ, ಪಾಸ್‌ವರ್ಡ್ ತಪ್ಪು. ಮುಂದಿನ ಸಾಲಿನ ಕೊನೆಯಲ್ಲಿ ಪರದೇಶದ ಐಪಿ ಕಂಡರೆ ಬೇರೆ ಸಾಕ್ಷಿ ಬೇಡ. ಎರಡು ಊರನ್ನು ವೈರ್‌ಗಾರ್ಡ್‌ನಂಥ ವಿಪಿಎನ್‌ನಿಂದ (ಇಂಟರ್ನೆಟ್ ಮೇಲಿನ ಖಾಸಗಿ ಸುರಂಗ) ಜೋಡಿಸಿ, ಡೇಟಾಬೇಸ್ ಪೋರ್ಟ್ ವಿಪಿಎನ್ ಒಳಗಿನಿಂದ ಮಾತ್ರ ಸಿಗಲಿ.

ಮಧ್ಯೆ ಎಪಿಐ ಹಾಕೋದು ಒಳ್ಳೇದು ಅಂತಾರೆ. ಚಿಕ್ಕ ಸಾಫ್ಟ್‌ವೇರ್‌ಗೂ ಬೇಕಾ?

ಹೊಸದಾಗಿ ಬರೆಯುತ್ತಿದ್ದರೆ ಬೇಕು. ಇಲ್ಲಿ ಎಪಿಐ ಎಂದರೆ ಡೆಸ್ಕ್‌ಟಾಪ್ ಪ್ರೋಗ್ರಾಂಗೂ ಡೇಟಾಬೇಸ್‌ಗೂ ನಡುವೆ ಸರ್ವರ್‌ನಲ್ಲಿ ಕೂರುವ ಪ್ರೋಗ್ರಾಂ. ಡೆಸ್ಕ್‌ಟಾಪ್ ಪ್ರೋಗ್ರಾಂ ಬಳಕೆದಾರನ ಹೆಸರು, ಪಾಸ್‌ವರ್ಡನ್ನು ಎಚ್‌ಟಿಟಿಪಿಎಸ್ ಮೂಲಕ ಎಪಿಐಗೆ ಕೊಡುತ್ತದೆ, ಎಂಟು ಗಂಟೆಯ ಶಿಫ್ಟ್‌ಗೆ ಸಾಲುವ ಟೋಕನ್ (ತಾತ್ಕಾಲಿಕ ಪ್ರವೇಶ ಚೀಟಿ) ಪಡೆಯುತ್ತದೆ, ಡೇಟಾಬೇಸ್ ಪಾಸ್‌ವರ್ಡ್ ಸರ್ವರ್ ಬಿಟ್ಟು ಆಚೆ ಬರುವುದೇ ಇಲ್ಲ. ಹಳೆಯ, ಇನ್ನೂರು ಪರದೆಯ ವಿಬಿ 6 ಪ್ರೋಗ್ರಾಂ ಇದ್ದರೆ ಪೂರ್ತಿ ಬದಲಿಸಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಅಂಥ ಕಡೆ ಮೊದಲು ರೋಲ್‌ಗಳನ್ನು ಬಿಗಿಮಾಡಿ, ಊರಾಚೆಯ ಬ್ರಾಂಚ್‌ಗಳನ್ನಷ್ಟೇ ಎಪಿಐಗೆ ಸರಿಸಿ.

ಸರ್ವರ್ ಪಾಸ್‌ವರ್ಡ್ ಗಟ್ಟಿಯಾಗಿದೆ. ಡೇಟಾ ಭದ್ರ ಅಲ್ಲವಾ?

ಸರ್ವರ್ ಪಿಸಿಗೆ ಕೈ ಹಾಕಬಲ್ಲವನಿಗೆ ಪಾಸ್‌ವರ್ಡ್ ಬೇಕಿಲ್ಲ. ವಿಂಡೋಸ್ ಅಡ್ಮಿನ್ ಆದವನು ಎಸ್‌ಕ್ಯೂಎಲ್ ಸರ್ವರನ್ನು ಸಿಂಗಲ್ ಯೂಸರ್ ಮೋಡ್‌ನಲ್ಲಿ ತೆರೆದು ತನಗೇ ಸಿಸ್‌ಅಡ್ಮಿನ್ ಕೊಟ್ಟುಕೊಳ್ಳಬಹುದು. ಬ್ಯಾಕಪ್ ಫೈಲನ್ನು ತನ್ನ ಲ್ಯಾಪ್‌ಟಾಪ್‌ನಲ್ಲಿ ರೀಸ್ಟೋರ್ ಮಾಡಿದವನಿಗೂ ನಿಮ್ಮ ಪಾಸ್‌ವರ್ಡ್ ಕೇಳುವವರಿಲ್ಲ, ಎಕ್ಸ್‌ಪ್ರೆಸ್ ಆವೃತ್ತಿಯಲ್ಲಿ ಬ್ಯಾಕಪ್ ಎನ್‌ಕ್ರಿಪ್ಷನ್ ಇಲ್ಲ. ಸರ್ವರ್ ಪಿಸಿಗೆ ಡಿಸ್ಕನ್ನೇ ಎನ್‌ಕ್ರಿಪ್ಟ್ ಮಾಡುವ ಬಿಟ್‌ಲಾಕರ್ ಹಾಕಿ. ಬ್ಯಾಕಪ್ಪನ್ನು 7-ಜಿಪ್‌ನ ಎಇಎಸ್ ಪಾಸ್‌ವರ್ಡ್‌ನೊಂದಿಗೆ ಮುಚ್ಚಿಯೇ ಹೊರಗೆ ಕಳಿಸಿ. ಸರ್ವರ್ ಪಿಸಿಯಲ್ಲಿ ಕೂತು ಬಿಲ್ ಹಾಕುವುದನ್ನು, ಮೇಲ್ ನೋಡುವುದನ್ನು ನಿಲ್ಲಿಸಿ.

ಎಲ್ಲ ಗ್ರಾಹಕರಿಗೂ ಒಂದೇ ಪಾಸ್‌ವರ್ಡ್ ಇಟ್ಟರೆ ಸಪೋರ್ಟ್ ಸುಲಭ. ತಪ್ಪೇನು?

ಒಬ್ಬ ಗ್ರಾಹಕನ ಫೋಲ್ಡರ್ ನೋಡಿದವನಿಗೆ ನಿಮ್ಮ ಎಲ್ಲ ಗ್ರಾಹಕರ ಬಾಗಿಲೂ ತೆರೆಯಿತು. ಪ್ರತಿಯೊಬ್ಬರಿಗೂ ಬೇರೆ, 20 ಅಕ್ಷರಕ್ಕೆ ಕಡಿಮೆಯಿಲ್ಲದ ಪಾಸ್‌ವರ್ಡನ್ನು ಪಾಸ್‌ವರ್ಡ್ ಮ್ಯಾನೇಜರ್‌ನಲ್ಲಿ ಹುಟ್ಟಿಸಿ ಅಲ್ಲೇ ಉಳಿಸಿ. ಸೆಮಿಕೋಲನ್, ಉದ್ಧರಣ ಚಿಹ್ನೆ ಬಂದರೆ ಕನೆಕ್ಷನ್ ಸ್ಟ್ರಿಂಗ್ ಮುರಿಯುತ್ತದೆ. ಕೈಯಲ್ಲಿ ಜೋಡಿಸದೆ ‘ಕನೆಕ್ಷನ್‌ಸ್ಟ್ರಿಂಗ್‌ಬಿಲ್ಡರ್’ ಬಳಸಿ.

ಇಷ್ಟೆಲ್ಲ ಮಾಡಿದ ಮೇಲೂ ಎಲ್ಲಿ ಸೋರುತ್ತದೆ?

ಎರರ್ ಬಾಕ್ಸ್‌ನಲ್ಲಿ. ಕನೆಕ್ಷನ್ ತಪ್ಪಿದಾಗ ಪೂರ್ತಿ ಸ್ಟ್ರಿಂಗ್ ತೋರಿಸುವ ಸಾಲೊಂದು ಟೆಸ್ಟಿಂಗ್‌ಗೆಂದು ಬರೆದದ್ದು ಹಾಗೇ ಉಳಿದಿರುತ್ತದೆ, ಕೌಂಟರ್‌ನವರು ಅದರ ಫೋಟೊ ತೆಗೆದು ವಾಟ್ಸಾಪ್ ಗುಂಪಿಗೆ ಹಾಕುತ್ತಾರೆ. ಲಾಗ್ ಫೈಲ್‌ನಲ್ಲೂ ಇದೇ ಕಥೆ. ‘ಪರ್ಸಿಸ್ಟ್ ಸೆಕ್ಯೂರಿಟಿ ಇನ್ಫೋ’ ಫಾಲ್ಸ್ ಇರಲಿ, ಆಗ ತೆರೆದ ಕನೆಕ್ಷನ್‌ನಿಂದ ಪಾಸ್‌ವರ್ಡ್ ಮರಳಿ ಬರುವುದಿಲ್ಲ. ಕೋಡ್‌ನ ಇತಿಹಾಸ ಇಡುವ ಗಿಟ್‌ಗೆ ಒಮ್ಮೆ ಹೋದ ಪಾಸ್‌ವರ್ಡ್ ಮುಂದಿನ ಕಮಿಟ್‌ನಲ್ಲಿ ಅಳಿಸಿದರೂ ಹಿಸ್ಟರಿಯಲ್ಲಿ ಉಳಿಯುತ್ತದೆ. ಹಿಸ್ಟರಿ ತೊಳೆಯುವುದಕ್ಕಿಂತ ಮುಂಚೆ ಪಾಸ್‌ವರ್ಡ್ ಬದಲಿಸಿ.

ವ್ಯವಹಾರ ನಿಲ್ಲಿಸದೆ ಪಾಸ್‌ವರ್ಡ್ ಬದಲಿಸೋದು ಹೇಗೆ?

ಹಳೆಯದನ್ನು ಮುಟ್ಟಬೇಡಿ. ಅದೇ ರೋಲ್‌ನ ಇನ್ನೊಂದು ಲಾಗಿನ್ ಮಾಡಿ, ಪಿಸಿಗಳನ್ನು ಒಂದೊಂದಾಗಿ ಅದಕ್ಕೆ ಸರಿಸಿ. ಸರ್ವರ್‌ನ ಸೆಷನ್ ಪಟ್ಟಿಯಲ್ಲಿ ಲಾಗಿನ್ ಹೆಸರೂ ಪಿಸಿಯ ಹೆಸರೂ ಕಾಣುತ್ತವೆ, ಹಳೆಯದರಲ್ಲಿ ಇನ್ನೂ ಯಾರಿದ್ದಾರೆ ಎಂದು ಅಲ್ಲೇ ಗೊತ್ತಾಗುತ್ತದೆ. ಯಾರೂ ಇಲ್ಲವಾದ ಮೇಲೆ ಹಳೆ ಲಾಗಿನ್ ಡಿಸೇಬಲ್ ಮಾಡಿ, ಅಳಿಸಬೇಡಿ. ತಿಂಗಳ ಕೊನೆಗೆ ಮಾತ್ರ ಓಡುವ ಜಿಎಸ್‌ಟಿ ಎಕ್ಸೆಲ್ ಶೀಟೋ, ರಾತ್ರಿಯ ಬ್ಯಾಕಪ್ ಟಾಸ್ಕೋ ಆಗ ಹೊರಗೆ ಬರುತ್ತದೆ. ಒಂದು ತಿಂಗಳು ಪೂರ್ತಿ ಕಳೆದ ಮೇಲೆ ಅಳಿಸಿ. ಮೈಎಸ್‌ಕ್ಯೂಎಲ್ 8.0.14ರಿಂದ ಒಂದೇ ಯೂಸರ್‌ಗೆ ಹಳೆಯದು, ಹೊಸದು ಎರಡೂ ಪಾಸ್‌ವರ್ಡ್ ಸ್ವಲ್ಪ ಕಾಲ ಒಟ್ಟಿಗೆ ನಡೆಯುವ ಸೌಲಭ್ಯವಿದೆ.

ಪಾಸ್‌ವರ್ಡ್ ಸೋರಿ ಡೇಟಾ ಹೋಯಿತು ಅಂದರೆ ಕಾನೂನು ಏನು ಹೇಳುತ್ತದೆ?

ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ, ಅದರಲ್ಲಿ ಪಟ್ಟಿಮಾಡಿದ ಬಗೆಯ ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಇಟ್ಟಿರಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ತಕ್ಕ ಭದ್ರತೆ ಕೈಗೊಳ್ಳದ ತಪ್ಪಿಗೆ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು. ರೋಗಿಗಳ ವಿವರ ಇಡುವ ನರ್ಸಿಂಗ್ ಹೋಮ್, ಸದಸ್ಯರ ಸಾಲದ ಲೆಕ್ಕ ಇಡುವ ಸಂಘ ಇದನ್ನು ತಮ್ಮ ವಕೀಲರ ಜೊತೆ ಕೂತು ಓದಬೇಕು.

ಸಾಫ್ಟ್‌ವೇರ್ ಮಾಡಿಕೊಟ್ಟವರನ್ನು ಬದಲಿಸುತ್ತಿದ್ದೇವೆ. ಅವರಿಂದ ಏನೇನು ಕೇಳಿ ಪಡೆಯಬೇಕು?

ಸರ್ವರ್‌ನ ಎಲ್ಲ ಲಾಗಿನ್‌ಗಳ ಪಟ್ಟಿ, ಯಾವುದು ಯಾವ ಪಿಸಿಯಲ್ಲಿ ಅಥವಾ ಟಾಸ್ಕ್‌ನಲ್ಲಿ ಬಳಕೆಯಲ್ಲಿದೆ ಎಂಬ ವಿವರ, ಸಿಸ್‌ಅಡ್ಮಿನ್ ಇರುವ ಖಾತೆಗಳ ಹೆಸರು, ಬ್ಯಾಕಪ್ ಜಿಪ್‌ನ ಪಾಸ್‌ವರ್ಡ್, ಮತ್ತು ಪಾಸ್‌ವರ್ಡ್ ಬದಲಿಸುವ ಪರದೆ ಎಲ್ಲಿದೆ ಎಂಬುದು. ಅವರ ಎದುರಿಗೇ ಒಂದು ಪಿಸಿಯಲ್ಲಿ ಪಾಸ್‌ವರ್ಡ್ ಬದಲಿಸಿ, ಒಂದು ಬಿಲ್ ಪ್ರಿಂಟ್ ತೆಗೆದು ನೋಡಿ. ಬಿಲ್ ಬಂದ ಮೇಲೆ ಉಳಿದ ಪಿಸಿಗಳನ್ನೂ ಅದೇ ದಿನ ಬದಲಿಸಿ, ಅವರು ಸಪೋರ್ಟ್‌ಗೆ ಬಳಸುತ್ತಿದ್ದ ಲಾಗಿನ್ ಡಿಸೇಬಲ್ ಮಾಡಿ, ಸರ್ವರ್ ಪಿಸಿಯಲ್ಲಿರುವ ರಿಮೋಟ್ ಟೂಲ್‌ನ ಕಾಯಂ ಪಾಸ್‌ವರ್ಡ್ ತೆಗೆದುಹಾಕಿ.